ಮಸುಕಾದ ಬೇಸ್‌ಬಾಲ್ ಕಾರ್ಡ್ ಅಸಲಿಯೋ ನಕಲಿಯೋ? ಮೂಲೆಯಿಂದ ಶುರು ಮಾಡಿ

ಹೋದ ದೀಪಾವಳಿಗೆ ಅಕ್ಕನ ಮಗ ನ್ಯೂಜೆರ್ಸಿಯಿಂದ ದಾವಣಗೆರೆಗೆ ಬಂದಿದ್ದ. ಬಂದ ಎರಡನೇ ದಿನ ಬೆಳಿಗ್ಗೆ ನಾನು ಪೇಪರ್ ಓದುತ್ತಾ ಕೂತಿದ್ದೆ. ಜೇಬಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಮುಂದಿಟ್ಟ. ಒಳಗೆ ನಾಲ್ಕು ಪುಟ್ಟ ಫೋಟೋ. ಅಗಲ ಬೆಂಕಿಪೊಟ್ಟಣದಷ್ಟೇ, ಉದ್ದ ಸ್ವಲ್ಪ ಜಾಸ್ತಿ. ಎಲ್ಲ ಕಂದು ಬಣ್ಣ. ಮೂಲೆಗಳು ಸವೆದಿವೆ. ಒಂದರಲ್ಲಂತೂ ಮನುಷ್ಯನ ಮುಖವೇ ಇಲ್ಲ, ಟೋಪಿ ಮತ್ತು ಮೀಸೆಯ ನೆರಳು ಮಾತ್ರ ಉಳಿದಿದೆ.

"ಮಾಮ, ಇವು ಒರಿಜಿನಲ್ ಹೌದೋ ಅಲ್ವೋ ನೋಡಿ ಹೇಳು. ನೀನು ನಲವತ್ತು ವರ್ಷ ಫೋಟೋ ತೊಳೆದೋನು" ಅಂದ.

ಬೇಸ್‌ಬಾಲ್ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ, ಅದು ಕ್ರಿಕೆಟ್ ಅಲ್ಲ. ಆದರೆ ಫೋಟೋ ಗೊತ್ತು. ನಮ್ಮಪ್ಪ ಮಂಡಿಪೇಟೆ ಹತ್ತಿರ ಒಂದು ಓಣಿಯಲ್ಲಿ ಸ್ಟುಡಿಯೋ ಇಟ್ಟಿದ್ದರು. ನಾನು 1976ರಲ್ಲಿ ಡಾರ್ಕ್‌ರೂಮಿಗೆ ಹೊಕ್ಕವನು, 2014ರಲ್ಲಿ ಶಟರ್ ಎಳೆದೆ. ಮದುವೆ, ಪಾಸ್‌ಪೋರ್ಟ್ ಫೋಟೋ ಹೊಟ್ಟೆಪಾಡಿಗೆ. ಮನಸ್ಸಿಗೆ ಇಷ್ಟವಾದ ಕೆಲಸ ಅಂದರೆ ಹಳೇ ಫೋಟೋ ರಿಪೇರಿ. ಚಿತ್ರದುರ್ಗ, ಹೊಳಲ್ಕೆರೆ, ಹರಿಹರದ ಕಡೆಯಿಂದ ಗೆದ್ದಲು ಹಿಡಿದ ಮುತ್ತಜ್ಜಂದಿರನ್ನು ಟವೆಲ್‌ನಲ್ಲಿ ಸುತ್ತಿಕೊಂಡು ತರುತ್ತಿದ್ದರು. ಆ ಅನುಭವದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಅಮೆರಿಕದಲ್ಲಿರುವ ನಮ್ಮ ಹುಡುಗರು ಈಗ ಇಂಥ ಕಾರ್ಡ್‌ಗಳನ್ನು ಕೊಳ್ಳುತ್ತಿದ್ದಾರೆ. ದುಡ್ಡು ಹಾಕುವ ಮೊದಲು ಕಣ್ಣು ಹಾಕುವುದು ಹೇಗೆ ಅಂತ ತಿಳಿದಿರಲಿ.

ಮೊದಲು ವಸ್ತು ಏನು ಅಂತ ಗೊತ್ತಿರಬೇಕು. ಇವನ್ನು ಓಲ್ಡ್ ಜಡ್ಜ್ ಕಾರ್ಡ್ ಅನ್ನುತ್ತಾರೆ. ಓಲ್ಡ್ ಜಡ್ಜ್ ಒಂದು ಸಿಗರೇಟಿನ ಹೆಸರು. ನ್ಯೂಯಾರ್ಕಿನ ಗುಡ್‌ವಿನ್ ಅಂಡ್ ಕಂಪನಿ 1886ರಿಂದ 1890ರವರೆಗೆ ಇವನ್ನು ಪ್ಯಾಕಿನೊಳಗೆ ಹಾಕುತ್ತಿತ್ತು. ಆಗಿನ ಪ್ಯಾಕು ಮೆತ್ತನೆಯ ಕಾಗದದ್ದು, ಒಳಗೊಂದು ರಟ್ಟು ಇದ್ದರೆ ಸಿಗರೇಟು ನಜ್ಜುಗುಜ್ಜಾಗುವುದಿಲ್ಲ. ಖಾಲಿ ರಟ್ಟಿನ ಮೇಲೆ ಆಟಗಾರನ ಫೋಟೋ ಅಂಟಿಸಿದರೆ ಗಿರಾಕಿ ಇನ್ನೊಬ್ಬ ಆಟಗಾರನಿಗಾಗಿ ಇನ್ನೊಂದು ಪ್ಯಾಕ್ ಕೊಳ್ಳುತ್ತಾನೆ. ನಾವು ಚಿಕ್ಕವರಿದ್ದಾಗ ಬೆಂಕಿಪೊಟ್ಟಣದ ಚಿತ್ರ ಕೂಡಿಡುತ್ತಿದ್ದೆವಲ್ಲ, ಅದೇ ಹುಚ್ಚು. ಐನೂರಕ್ಕೂ ಹೆಚ್ಚು ಆಟಗಾರರು, ಒಬ್ಬೊಬ್ಬರದೂ ಹಲವು ಭಂಗಿ. 1890ರಲ್ಲಿ ಗುಡ್‌ವಿನ್ ಸೇರಿ ಐದು ದೊಡ್ಡ ಕಂಪನಿಗಳು ಒಂದಾಗಿ ಅಮೆರಿಕನ್ ಟೊಬ್ಯಾಕೊ ಕಂಪನಿ ಆಯಿತು. ಪೈಪೋಟಿಯೇ ಇಲ್ಲದ ಮೇಲೆ ಪುಕ್ಕಟೆ ಫೋಟೋ ಯಾಕೆ? ಕಾರ್ಡ್ ನಿಂತಿತು.

ಮಾರುವವರ ಪಟ್ಟಿಯಲ್ಲಿ ಇವಕ್ಕೆ ಎನ್172 ಅಂತ ನಂಬರ್ ಇರುತ್ತದೆ. ಜೆಫರ್ಸನ್ ಬರ್ಡಿಕ್ ಅನ್ನುವವರು ಮಾಡಿದ ಕಾರ್ಡ್ ಪಟ್ಟಿಯ ನಂಬರ್ ಅದು. ಅವರು ಜೀವನಪೂರ್ತಿ ಕೂಡಿಟ್ಟ ಕಾರ್ಡ್‌ಗಳನ್ನೆಲ್ಲ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟರು. ಆ ಮ್ಯೂಸಿಯಂ ತನ್ನ ಕಾರ್ಡ್‌ಗಳ ಚಿತ್ರವನ್ನು ತನ್ನ ವೆಬ್‌ಸೈಟಿನಲ್ಲಿ ಇಟ್ಟಿದೆ. ಹೋಲಿಸಿ ನೋಡೋಕೆ ಅದಕ್ಕಿಂತ ಒಳ್ಳೆ ಜಾಗ ಬೇಡ.

ಇಷ್ಟು ಪುಟ್ಟ ರಟ್ಟಿಗೆ ಯಾಕೆ ನಕಲಿ ಮಾಡುತ್ತಾರೆ ಅಂತ ಕೇಳಬೇಡಿ. 1952ರ ಒಂದು ಬೇಸ್‌ಬಾಲ್ ಕಾರ್ಡ್ 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು.

ಜನ ಸಾಮಾನ್ಯವಾಗಿ ಸವೆದ ಕಾರ್ಡ್ ಕಂಡರೆ ಹೆದರುತ್ತಾರೆ, ಇದರಲ್ಲಿ ಏನೂ ಗೊತ್ತಾಗಲ್ಲ ಅಂತ. ನಾನು ಉಲ್ಟಾ ಹೇಳುತ್ತೇನೆ. ಹೊಸದರಂತೆ ಇರುವ ಕಾರ್ಡ್ ಬಾಯಿಯೇ ಬಿಡುವುದಿಲ್ಲ. ಸವೆದ ಕಾರ್ಡಿನ ಹೊಟ್ಟೆಯೊಳಗೆ ಏನಿದೆ ಅಂತ ಹೊರಗೆ ಕಾಣುತ್ತದೆ. ಕಾಗದ, ಅಂಟು, ರಟ್ಟು, ಮೂರೂ ಬೇರೆ ಬೇರೆ ರೀತಿ ಮುಪ್ಪಾಗುತ್ತವೆ. ನಕಲಿ ಮಾಡುವವನು ಮೂರಕ್ಕೂ ಒಂದೇ ದಿನ, ಒಂದೇ ಕೈಯಲ್ಲಿ ಮುಪ್ಪು ತರಿಸುತ್ತಾನೆ. ಸಿಕ್ಕಿಬೀಳುವುದು ಅಲ್ಲೇ.

ಮೊಟ್ಟೆ, ಬಿಸಿಲು, ಮೈದಾ ಅಂಟು

ಆ ಕಾಲದ ಫೋಟೋ ಕಾಗದಕ್ಕೆ ಆಲ್ಬುಮೆನ್ ಪೇಪರ್ ಅನ್ನುತ್ತಾರೆ. ಫ್ರಾನ್ಸಿನ ಬ್ಲಾಂಕಾರ್-ಎವ್ರಾರ್ 1850ರಲ್ಲಿ ಇದನ್ನು ಬಳಕೆಗೆ ತಂದ. ಮೊಟ್ಟೆಯ ಬಿಳಿಗೆ ಉಪ್ಪು ಬೆರೆಸಿ ತೆಳು ಕಾಗದಕ್ಕೆ ಸವರಿ ಒಣಗಿಸುವುದು. ಆಮೇಲೆ ಸಿಲ್ವರ್ ನೈಟ್ರೇಟ್ ದ್ರಾವಣದ ಮೇಲೆ ತೇಲಿಸುವುದು. ಅದರ ಮೇಲೆ ನೆಗೆಟಿವ್ ಇಟ್ಟು ಬಿಸಿಲಿಗೆ ಹಿಡಿಯುವುದು. ಡೆವಲಪರ್ ಬೇಕಿಲ್ಲ, ಬಿಸಿಲಿಗೇ ಚಿತ್ರ ಮೂಡುತ್ತದೆ. ಕೊನೆಗೆ ಚಿನ್ನದ ಲವಣದ ನೀರಿನಲ್ಲಿ ಅದ್ದಿ ಬಣ್ಣ ತಿದ್ದಿ, ಚಿತ್ರವನ್ನು ಕಾಯಂ ಮಾಡುವ ಹೈಪೋ ದ್ರಾವಣದಲ್ಲಿ ತೊಳೆಯುವುದು.

ಚಿತ್ರದುರ್ಗದ ಒಂದು ಮನೆಯಿಂದ ರಿಪೇರಿಗೆ ಇಂಥದೇ ಒಂದು ಫೋಟೋ ಬಂದಿತ್ತು, ಪೇಟ ಸುತ್ತಿದ ಹಿರೀಕರದು. ನಾನು ಸುಮ್ನಿರದೆ, ಇದು ಮೊಟ್ಟೆ ಸವರಿದ ಕಾಗದ ಅಂದುಬಿಟ್ಟೆ. ಆ ಮನೆಯ ಅಜ್ಜಿ ಎದೆ ಮೇಲೆ ಕೈ ಇಟ್ಟುಕೊಂಡರು. "ಏನ್ರೀ ಹಂಗಂತೀರಿ, ದೇವರ ಮನೆ ಗ್ವಾಡಿಗೆ ಹಾಕಿ ದಿನಾ ಊದಿನಕಡ್ಡಿ ಹಚ್ಚೀವಲ್ರೀ!" ಆಮೇಲೆ ಆ ವಿಷಯ ಗಿರಾಕಿಗಳಿಗೆ ಹೇಳುವುದು ಬಿಟ್ಟೆ.

ನಿಮಗೆ ಬೇಕಾದ ಮಾತು ಇದು. ಆ ಕಾಗದ ಬಹಳ ತೆಳು, ಒಣಗಿದರೆ ಸುರುಳಿ ಸುತ್ತಿಕೊಳ್ಳುತ್ತದೆ. ಅದಕ್ಕೇ ರಟ್ಟಿಗೆ ಅಂಟಿಸಲೇಬೇಕಿತ್ತು. ಅಂಟು ಅಂದರೆ ಪಿಷ್ಟದ್ದು, ನಾವು ಗಾಳಿಪಟಕ್ಕೆ ಕಾಸುತ್ತಿದ್ದ ಮೈದಾ ಅಂಟಿನ ಜಾತಿಯದು. ಹಾಗಾಗಿ ಅಸಲಿ ಓಲ್ಡ್ ಜಡ್ಜ್ ಅಂದರೆ ಎರಡು ವಸ್ತು: ಕೆಳಗೆ ದಪ್ಪ ರಟ್ಟು, ಮೇಲೆ ಈರುಳ್ಳಿ ಸಿಪ್ಪೆಯಂಥ ಫೋಟೋ. ಒಂದೇ ತುಂಡು ಕಾಗದದ ಮೇಲೆ ಚಿತ್ರ ಇದ್ದರೆ ಅದು ಅಸಲಿ ಅಲ್ಲ.

ಮೂಲೆ

ಕಾರ್ಡ್ ಕೈಗೆ ಬಂದರೆ ಎಲ್ಲರೂ ಮೊದಲು ಮುಖ ನೋಡುತ್ತಾರೆ. ಮುಖ ಬಿಡಿ. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಅಂಚು ಹಿಡಿದು ಎತ್ತಿ. ಬೆಳಿಗ್ಗೆ ಕಿಟಕಿಯ ಪಕ್ಕ ಕೂತು ಅತಿ ಜಾಸ್ತಿ ಸವೆದ ಮೂಲೆ ಯಾವುದು ಅಂತ ಹುಡುಕಿ. ವಾಚ್ ರಿಪೇರಿಯವರು ಕಣ್ಣಿಗೆ ಸಿಗಿಸಿಕೊಳ್ಳುವ ಭೂತಗನ್ನಡಿ ಇದ್ದರೆ ಸಾಕು, ಹತ್ತು ಪಟ್ಟು ದೊಡ್ಡದಾಗಿ ಕಾಣಬೇಕು.

ಅಸಲಿ ಮೂಲೆ ಹೀಗಿರುತ್ತದೆ. ಮೇಲಿನ ಫೋಟೋ ಕಾಗದ ರಟ್ಟಿಗಿಂತ ಕೂದಲೆಳೆಯಷ್ಟು ಹಿಂದೆ ಸರಿದಿರುತ್ತದೆ, ಅದರ ಅಂಚು ತೆಳ್ಳಗೆ ಹರಿದಂತಿರುತ್ತದೆ. ಕೆಳಗಿನ ರಟ್ಟು ಎಳೆ ಎಳೆಯಾಗಿ ಬಿಚ್ಚಿಕೊಂಡು ಹತ್ತಿಯಂತೆ ಮೆತ್ತಗಾಗಿರುತ್ತದೆ. ಎಳೆಗಳ ತುದಿಯಲ್ಲಿ ಕೊಳೆ ಕಪ್ಪಗೆ, ಬುಡಕ್ಕೆ ಹೋದಂತೆ ತಿಳಿ. ಯಾಕೆಂದರೆ ತುದಿ ಮೊದಲು ಬಿಚ್ಚಿಕೊಂಡಿತು, ಜಾಸ್ತಿ ಕಾಲ ಗಾಳಿ ಕಂಡಿತು. ಎರಡು ಪದರದ ನಡುವೆ ಅಂಟು ಕಂಡರೆ ಅದು ಒಣಗಿ ಪುಡಿಪುಡಿಯಾಗಿರುತ್ತದೆ. ಕೆಲವು ಕಡೆ ಅಂಟೇ ಇರುವುದಿಲ್ಲ, ಬೆಳ್ಳಿಹುಳ ತಿಂದು ಹೋಗಿರುತ್ತದೆ. ರಬ್ಬರಿನಂತೆ ಎಳೆದುಕೊಳ್ಳುವ, ಪ್ಲಾಸ್ಟಿಕ್‌ನಂತೆ ಹೊಳೆಯುವ ಅಂಟು ಕಂಡರೆ ಅದು ನಮ್ಮ ಫೆವಿಕಾಲ್ ಜಾತಿಯದು. ಅಷ್ಟಕ್ಕೇ ನಕಲಿ ಅನ್ನಬೇಡಿ, ಯಾರೋ ಆಮೇಲೆ ರಿಪೇರಿ ಮಾಡಿರಬಹುದು. ಒಂದು ಮೂಲೆಯಲ್ಲಿ ಮಾತ್ರ ಇದ್ದರೆ ರಿಪೇರಿ. ಸುತ್ತಲೂ ಇದ್ದರೆ ಹುಷಾರು.

ನಕಲಿ ಮೂಲೆಗೆ ಸ್ಯಾಂಡ್‌ಪೇಪರ್ ತಾಗಿರುತ್ತದೆ. ಭೂತಗನ್ನಡಿಯಲ್ಲಿ ಒಂದೇ ದಿಕ್ಕಿನ ಗೀರುಗಳು ಕಾಣುತ್ತವೆ. ಒಳಗಿನ ಕಾಗದ ಬೆಳ್ಳಗಿರುತ್ತದೆ, ಅಥವಾ ಟೀಯಲ್ಲಿ ಅದ್ದಿದ್ದರೆ ಒಳಗೂ ಹೊರಗೂ ಒಂದೇ ಬಣ್ಣ. ಇನ್ನೊಂದು, ನಾಲ್ಕೂ ಮೂಲೆ ಒಂದೇ ಅಳತೆಗೆ ದುಂಡಗಾಗಿರುತ್ತವೆ. ನಿಮ್ಮ ಮನೆಯಲ್ಲಿ ಹಳೇ ಇಸ್ಪೀಟು ಇದ್ದರೆ ನೋಡಿ. ನಿಜವಾಗಿ ಸವೆದ ಎಲೆಗೆ ನಾಲ್ಕು ಮೂಲೆ ನಾಲ್ಕು ತರ. ಹೆಬ್ಬೆರಳು ಬೀಳುವ ಕಡೆ ಬೇರೆ, ಜೇಬಿನ ತಳಕ್ಕೆ ತಾಗುವ ಕಡೆ ಬೇರೆ.

ಈ ಪಾಠಕ್ಕೆ ನಾನು ಫೀಸು ಕಟ್ಟಿದ್ದೇನೆ. ಸುಮಾರು ಇಪ್ಪತ್ತು ವರ್ಷದ ಹಿಂದೆ, ಊರ ಹೆಸರು ಬೇಡ, ಹಳೇ ಸಾಮಾನಿನ ಒಂದು ಅಂಗಡಿಯಲ್ಲಿ ಚಿತ್ರದುರ್ಗ ಕೋಟೆಯ ಫೋಟೋ ಕಂಡೆ. ರಟ್ಟಿನ ಮೇಲೆ ಅಂಟಿಸಿದ್ದು, ಕಂದು ಬಣ್ಣ, ಬ್ರಿಟಿಷರ ಕಾಲದ್ದು ಅಂದ ಅಂಗಡಿಯವನು. ಕೋಟೆ ಅಂದರೆ ನನಗೆ ಜೀವ. ಮೂರೂವರೆ ಸಾವಿರ ಎಣಿಸಿಕೊಟ್ಟೆ. ಜೇಬಿನಲ್ಲಿ ಭೂತಗನ್ನಡಿ ಇದ್ದೂ ತೆಗೆಯಲಿಲ್ಲ. ಅಲ್ಲಿ ನೋಡಿದರೆ ಅನುಮಾನಪಟ್ಟಂತೆ ಆಗುತ್ತದಲ್ಲ ಅನ್ನೋ ಸಂಕೋಚ. ಮನೆಗೆ ಬಂದು ನೋಡಿದರೆ ಬುರುಜಿನ ತುಂಬ ಚುಕ್ಕೆ. ಪುಸ್ತಕದಲ್ಲಿ ಅಚ್ಚಾದ ಚಿತ್ರ ಕತ್ತರಿಸಿ, ಟೀ ಬಳಿದು, ಮೂಲೆ ಉಜ್ಜಿದ್ದ. ನಾಲ್ಕು ಮೂಲೆಯೂ ಎಂಟಾಣೆ ನಾಣ್ಯ ಇಟ್ಟು ಗೀಚಿದಂತೆ ದುಂಡಗಿದ್ದವು. ವಾಪಸ್ ಹೋಗಿ ಕೇಳಿದೆ. "ನೀವೇ ನೋಡಿ ತಗೊಂಡ್ರಲ್ವಾ ಸಾರ್" ಅಂದ. ಅದು ನಿಜವೂ ಹೌದು.

ಚುಕ್ಕೆ ಮತ್ತು ನಾರು

ಈಗ ಭೂತಗನ್ನಡಿಯನ್ನು ಚಿತ್ರದ ಮೇಲೆ ತನ್ನಿ. ಮುಖದ ಕೆನ್ನೆ, ಅಥವಾ ಹಿಂದಿನ ಪರದೆಯ ಬೂದು ಭಾಗ ನೋಡಿ. ಕಪ್ಪೂ ಅಲ್ಲದ ಬಿಳುಪೂ ಅಲ್ಲದ ಜಾಗದಲ್ಲೇ ಗುಟ್ಟು ಇರುವುದು. ಅಚ್ಚಿನ ಯಂತ್ರಕ್ಕೆ ಬೂದು ಬಣ್ಣ ಗೊತ್ತಿಲ್ಲ. ಚುಕ್ಕೆಗಳನ್ನು ದೊಡ್ಡದು ಚಿಕ್ಕದು ಮಾಡಿ, ಇಲ್ಲವೇ ಒತ್ತೊತ್ತಾಗಿ ಅಥವಾ ದೂರ ದೂರ ಇಟ್ಟು ಬೂದು ಅನ್ನಿಸುತ್ತದೆ. ಇವತ್ತಿನ ದಿನಪತ್ರಿಕೆಯ ಒಂದು ಫೋಟೋ ನೋಡಿ, ಸಾಲು ಸಾಲು ಚುಕ್ಕೆ. ಮನೆಯ ಇಂಕ್‌ಜೆಟ್ ಪ್ರಿಂಟ್ ನೋಡಿ, ನೀಲಿ, ಗುಲಾಬಿ, ಹಳದಿ ಚುಕ್ಕೆಗಳನ್ನು ಮಂಡಕ್ಕಿ ಚೆಲ್ಲಿದಂತೆ ಚೆಲ್ಲಿರುತ್ತದೆ. ಆಲ್ಬುಮೆನ್ ಫೋಟೋದಲ್ಲಿ ಚುಕ್ಕೆಯೇ ಇರುವುದಿಲ್ಲ. ಬೂದು ಬಣ್ಣ ಹೊಗೆಯಂತೆ ಕರಗುತ್ತಾ ಹೋಗುತ್ತದೆ. ನನ್ನ ಸೋದರಳಿಯನ ಮೊದಲ ಕಾರ್ಡ್ ಇಲ್ಲೇ ಔಟ್. ಒಂದು ನಿಮಿಷವೂ ಬೇಕಾಗಲಿಲ್ಲ.

ಚುಕ್ಕೆ ಇಲ್ಲದಿದ್ದರೆ ನಾರು ಹುಡುಕಿ. ನಾವು ಸ್ಟುಡಿಯೋದಲ್ಲಿ ಬಳಸುತ್ತಿದ್ದ ಬ್ರೋಮೈಡ್ ಪೇಪರಿನಲ್ಲಿ ಕಾಗದಕ್ಕೂ ಚಿತ್ರಕ್ಕೂ ನಡುವೆ ಬರೈಟಾ ಅನ್ನೋ ಬಿಳಿ ಲೇಪ ಇರುತ್ತದೆ, ಗೋಡೆಗೆ ಸುಣ್ಣ ಹೊಡೆದಂತೆ. ಹಾಗಾಗಿ ಕಾಗದದ ನಾರು ಕಾಣುವುದಿಲ್ಲ. ಆಲ್ಬುಮೆನ್‌ಗೆ ಆ ಸುಣ್ಣ ಇಲ್ಲ. ಚಿತ್ರದ ಒಳಗೇ ಕಾಗದದ ನಾರುಗಳು, ತಿಳಿ ನೀರಿನ ಕೆಳಗೆ ಹುಲ್ಲು ಕಂಡಂತೆ ಕಾಣುತ್ತವೆ. ಅದರ ಮೇಲೆ ಬೇಸಿಗೆಯ ಕೆರೆ ಅಂಗಳದಂತೆ ಸಣ್ಣ ಬಿರುಕಿನ ಬಲೆ. ನಾರೂ ಬಿರುಕೂ ಎರಡೂ ಕಂಡರೆ ಎದೆಭಾರ ಅರ್ಧ ಇಳಿಯುತ್ತದೆ.

ಕಂದು ಬಣ್ಣವನ್ನು ಮಾತ್ರ ನಂಬಬೇಡಿ. ಅದನ್ನು ನಾನೇ ಮಾಡುತ್ತಿದ್ದೆ. ಎಂಬತ್ತರ ದಶಕದಲ್ಲಿ ಕೆಲವರಿಗೆ ಸೀಪಿಯಾ ಫೋಟೋ ಬೇಕಿತ್ತು. ಬ್ಲೀಚ್ ಮಾಡಿ ಸಲ್ಫೈಡ್ ನೀರಿನಲ್ಲಿ ಹಾಕಿದರೆ ಎರಡು ನಿಮಿಷದಲ್ಲಿ ನೂರು ವರ್ಷ ಹಳತು. ಕೊಳೆತ ಮೊಟ್ಟೆ ವಾಸನೆ ಓಣಿಯ ತುದಿಯವರೆಗೆ ಹೋಗುತ್ತಿತ್ತು, ಪಕ್ಕದ ಬಟ್ಟೆ ಅಂಗಡಿಯವರು ಬಂದು ಜಗಳ ಆಡುತ್ತಿದ್ದರು. ನಿಜವಾದ ಆಲ್ಬುಮೆನ್ ಮಾಸುವ ಬಗೆ ಬೇರೆ. ಮೊದಲು ಬೆಳಕಿನ ಭಾಗಗಳು ಹಳದಿಗೆ ತಿರುಗುತ್ತವೆ, ಬಿಳಿ ಅಂಗಿಯ ಮಡಿಕೆಗಳು ಅಳಿಸಿಹೋಗುತ್ತವೆ. ನೆರಳಿನ ಭಾಗದಲ್ಲಿ ಮಾತ್ರ ಹಳೆಯ ನೇರಳೆ ಮಿಶ್ರಿತ ಕಂದು ಸ್ವಲ್ಪ ಉಳಿದಿರುತ್ತದೆ. ಅಂಚಿನಿಂದ ಒಳಗೆ ಮಾಸುತ್ತಾ ಬರುತ್ತದೆ. ಹಾಗಾಗಿ ಇಡೀ ಕಾರ್ಡ್ ಒಂದೇ ಸಮ ಕಂದಾಗಿದ್ದರೆ, ಬೆಳಕಿಗೂ ನೆರಳಿಗೂ ಒಂದೇ ಬಣ್ಣವಿದ್ದರೆ, ಅದು ಮುಪ್ಪಲ್ಲ, ಬಳಿದದ್ದು. ಹಾಂ, ಕೆಲವು ಆಲ್ಬುಮೆನ್ ಕಾಗದಕ್ಕೆ ಆಗಲೇ ತಿಳಿ ಗುಲಾಬಿ ಬಣ್ಣ ಬೆರೆಸುತ್ತಿದ್ದರು. ಗುಲಾಬಿ ಛಾಯೆ ಕಂಡರೆ ಗಾಬರಿ ಬೇಡ.

ಎರಡನೇ ಕಾರ್ಡ್

ನನ್ನನ್ನು ಒಂದು ತಾಸು ಕೂರಿಸಿದ್ದು ಇದೇ. ಚುಕ್ಕೆ ಇಲ್ಲ. ಬೂದು ಬಣ್ಣ ಹೊಗೆಯಂತೆಯೇ ಇದೆ. ರಟ್ಟು ನಿಜವಾಗಿ ಹಳೆಯದು. ಮೂಲೆಯಲ್ಲಿ ಎರಡು ಪದರ. ಆಟಗಾರ ಬ್ಯಾಟ್ ಹಿಡಿದು ನಿಂತಿದ್ದಾನೆ, ತಲೆಯ ಮೇಲಿಂದ ಭುಜದವರೆಗೆ ಒಂದು ಮಡಿಕೆಯ ಗೆರೆ. "ಇದು ಪಕ್ಕಾ ಅಲ್ವಾ ಮಾಮ?" ಅಂತ ಅವನು ಮತ್ತೆ ಮತ್ತೆ ಕೇಳುತ್ತಿದ್ದ.

ಕಾರ್ಡನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಕಿಟಕಿಯ ಬೆಳಕು ಪಕ್ಕದಿಂದ ಸವರಿಕೊಂಡು ಹೋಗುವಂತೆ ಓರೆ ಮಾಡಿದೆ. ನಿಜವಾದ ಮಡಿಕೆ ಅಂದರೆ ಅಲ್ಲೊಂದು ಹಳ್ಳ ಇರಬೇಕು, ಓರೆ ಬೆಳಕಿನಲ್ಲಿ ಅದಕ್ಕೆ ನೆರಳು ಬೀಳಬೇಕು. ಗೆರೆಯ ಉದ್ದಕ್ಕೂ ಮೊಟ್ಟೆಯ ಪದರ ಒಡೆದು, ಕಾಗದದ ನಾರು ಹೊರಗೆ ಬಂದಿರಬೇಕು. ಹಿಂದೆ ತಿರುಗಿಸಿದರೆ ರಟ್ಟಿನ ಮೇಲೂ ಅದೇ ಜಾಗದಲ್ಲಿ ಗುರುತು ಇರಬೇಕು. ಇಲ್ಲಿ ಏನೂ ಇಲ್ಲ. ಗೆರೆ ಕಣ್ಣಿಗೆ ಕಾಣುತ್ತದೆ, ಆದರೆ ಮೇಲ್ಮೈ ಕೆರೆ ನೀರಿನಂತೆ ಸಪಾಟು. ಹಿಂದೆ ಗುರುತಿಲ್ಲ.

ಅಂದರೆ ಮಡಿಕೆ ಈ ಕಾರ್ಡಿನದಲ್ಲ. ಯಾವುದೋ ಅಸಲಿ ಕಾರ್ಡಿನ ಮೇಲೆ ಆ ಮಡಿಕೆ ಇತ್ತು. ಅದರ ಫೋಟೋ ತೆಗೆದು, ಬ್ರೋಮೈಡ್ ಪೇಪರಿನ ಮೇಲೆ ಪ್ರಿಂಟ್ ಹಾಕಿ, ಸೀಪಿಯಾ ಮಾಡಿ, ಯಾವುದೋ ಹಳೇ ಫೋಟೋದ ರಟ್ಟಿಗೆ ಅಂಟಿಸಿದ್ದಾರೆ. ಫೋಟೋದ ಫೋಟೋ. ನಾನೂ ಸಾವಿರ ಮಾಡಿದ್ದೇನೆ, ಆದರೆ ಕಾಪಿ ಅಂತ ಹೇಳಿ. ಅನುಮಾನ ಬಂದ ಮೇಲೆ ಉಳಿದದ್ದೂ ಕಂಡವು. ನಾರು ಕಾಣುವುದಿಲ್ಲ, ಸುಣ್ಣದ ಪದರ ಇದೆ. ನೆರಳೆಲ್ಲ ಮುದ್ದೆಯಾಗಿ ಬೂಟಿನ ಲೇಸು ಮಾಯವಾಗಿದೆ. ಕಾಪಿ ಮಾಡಿದಾಗ ಕಪ್ಪು ಇನ್ನೂ ಕಪ್ಪಾಗುತ್ತದೆ, ಬಿಳಿ ಇನ್ನೂ ಬಿಳಿಯಾಗುತ್ತದೆ, ನಡುವಿನ ಸೂಕ್ಷ್ಮ ಸಾಯುತ್ತದೆ.

ಇದೊಂದನ್ನು ಕಲಿತರೆ ಸಾಕು ಅನ್ನುತ್ತೇನೆ. ಕಾರ್ಡಿನ ಮೇಲೆ ಕಾಣುವ ಒಂದೊಂದು ಗೀರು, ಕಲೆ, ಮಡಿಕೆಯನ್ನೂ ಓರೆ ಬೆಳಕಿನಲ್ಲಿ ಕೇಳಿ: ನೀನು ಕಾಗದದ ಮೇಲಿದ್ದೀಯೋ, ಚಿತ್ರದೊಳಗಿದ್ದೀಯೋ?

ಅಕ್ಷರ, ದಾರ, ಅಳತೆ

ಬಹಳಷ್ಟು ಕಾರ್ಡ್‌ಗಳಲ್ಲಿ ಆಟಗಾರನ ಹೆಸರು, ಊರು, ಕೆಳಗೆ ಸಿಗರೇಟಿನ ಹೆಸರು ಎಲ್ಲವೂ ಫೋಟೋದ ಭಾಗವೇ. ಬರೆದು, ಚಿತ್ರದ ಜೊತೆಗೇ ಫೋಟೋ ತೆಗೆದದ್ದು. ಹಾಗಾಗಿ ಚಿತ್ರ ಮಾಸಿದರೆ ಅಕ್ಷರವೂ ಮಾಸಬೇಕು. ಮುಖ ಹೊಗೆಯಂತಾಗಿ, ಹೆಸರು ಮಾತ್ರ ನಿನ್ನೆ ಬರೆದಂತೆ ಕಡುಕಪ್ಪಾಗಿದ್ದರೆ ಯಾರೋ ಆಮೇಲೆ ತಿದ್ದಿದ್ದಾರೆ. ಸಾಮಾನ್ಯ ಆಟಗಾರನ ಕಾರ್ಡನ್ನು ದೊಡ್ಡ ಆಟಗಾರನದು ಮಾಡುವ ಆಸೆಗೂ ಹೀಗೆ ಮಾಡಬಹುದು. ಕ್ಯಾಪ್ ಆ್ಯನ್ಸನ್, ಕಿಂಗ್ ಕೆಲ್ಲಿ ಅಂಥ ಹೆಸರು ಕಂಡರೆ ಎರಡು ಸಲ ನೋಡಿ. ಆ ಕೆಲ್ಲಿಯನ್ನು ಶಿಕಾಗೊ ತಂಡ 1887ರಲ್ಲಿ ಬಾಸ್ಟನ್ನಿಗೆ 10,000 ಡಾಲರಿಗೆ ಮಾರಿತ್ತಂತೆ. ಐಪಿಎಲ್ ಹರಾಜು ಹೊಸದು ಅಂದುಕೊಂಡಿದ್ದೆ ನಾನು.

ಚೆಂಡಿನ ಮೇಲೆ ದಾರ ಕಂಡರೆ ನಗಬೇಡಿ, ನಕಲಿ ಅಂತಲೂ ಅನ್ನಬೇಡಿ. ಆಗಿನ ಕ್ಯಾಮೆರಾಕ್ಕೆ ಹಾರುವ ಚೆಂಡು ಹಿಡಿಯುವಷ್ಟು ವೇಗ ಇರಲಿಲ್ಲ. ಸ್ಟುಡಿಯೋದೊಳಗೆ ಬಣ್ಣದ ಪರದೆ ಕಟ್ಟಿ, ಚೆಂಡನ್ನು ದಾರದಲ್ಲಿ ಇಳಿಬಿಟ್ಟು, ಆಟಗಾರನನ್ನು ಕ್ಯಾಚ್ ಹಿಡಿಯುವಂತೆ ನಿಲ್ಲಿಸುತ್ತಿದ್ದರು. ನಮ್ಮ ಸ್ಟುಡಿಯೋದಲ್ಲಿ ತಾಜಮಹಲಿನ ಪರದೆ ಮುಂದೆ ನವದಂಪತಿಗಳನ್ನು ನಿಲ್ಲಿಸುತ್ತಿದ್ದೆವು, ಅಷ್ಟೇ ವ್ಯತ್ಯಾಸ. ಆ ದಾರವನ್ನು ಅಳಿಸಿ ಅಂದಗಾಣಿಸಿದ ಕಾರ್ಡ್ ಕಂಡರೆ ನನಗೆ ಅನುಮಾನ ಜಾಸ್ತಿ.

ಅಳತೆ ಹೆಚ್ಚೂಕಮ್ಮಿ ಮೂವತ್ತಾರೂವರೆ ಮಿಲಿಮೀಟರ್ ಅಗಲ, ಅರವತ್ತಮೂರೂವರೆ ಉದ್ದ. ಆಗಿನ ಕತ್ತರಿ ಕೆಲಸ, ಕೂದಲೆಳೆ ಆಚೀಚೆ ಇರುತ್ತದೆ. ತೀರಾ ಚಿಕ್ಕದಾಗಿದ್ದರೆ ಅಂಚು ಕತ್ತರಿಸಿದ್ದಾರೆ ಅಂತ ಅರ್ಥ. ಸವೆದ ಅಂಚು ಕತ್ತರಿಸಿದರೆ ಕಾರ್ಡ್ ಹೊಸದಾಗಿ ಕಾಣುತ್ತದಲ್ಲ, ಅದಕ್ಕೆ. ಪಕ್ಕದಿಂದ ನೋಡಿ: ಹಳೇ ಅಂಚು ಕಂದು, ಹೊಸ ಅಂಚು ತಿಳಿ ಮತ್ತು ಚೂಪು. ದೊಡ್ಡವರೂ ಇದನ್ನು ಮಾಡಿದ್ದಾರೆ. ಹೋನಸ್ ವ್ಯಾಗ್ನರ್ ಅನ್ನುವ ಆಟಗಾರನ ಕಾರ್ಡ್, ಫೋಟೋ ಅಲ್ಲ ಕಲ್ಲಚ್ಚಿನದು, ಕಾರ್ಡಿನ ಸ್ಥಿತಿ ನೋಡಿ ಅಂಕ ಕೊಡುವ ಕಂಪನಿಯಿಂದ ಹತ್ತಕ್ಕೆ ಎಂಟು ಪಡೆದು ಜಗತ್ಪ್ರಸಿದ್ಧವಾಗಿತ್ತು. ಅದರ ಅಂಚು ಕತ್ತರಿಸಿದ್ದು ತಾನೇ ಅಂತ ಒಬ್ಬ ಹರಾಜುದಾರ 2013ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡ.

ಹಿಂಭಾಗ ಖಾಲಿ ಇರುತ್ತದೆ. ಅಲ್ಲಿ ಜಾಹೀರಾತು ಅಚ್ಚಾಗಿದ್ದರೆ ಅದು ಎನ್172 ಅಲ್ಲ. ಆಲ್ಬಮ್ಮಿನಿಂದ ಕಿತ್ತ ಕಾಗದದ ಚೂರು, ಅಂಟಿನ ಕಲೆ, ಮಕ್ಕಳ ಪೆನ್ಸಿಲ್ ಗೀಚು ಇದ್ದರೆ ಬೆಲೆ ಇಳಿಯುತ್ತದೆ, ನಂಬಿಕೆ ಏರುತ್ತದೆ.

ನೇರಳೆ ಟಾರ್ಚ್

ಮೊಬೈಲ್ ಅಂಗಡಿಯವರು ಸ್ಕ್ರೀನ್ ಗಾರ್ಡಿನ ಅಂಟು ಒಣಗಿಸೋಕೆ ಒಂದು ನೇರಳೆ ಬೆಳಕಿನ ಟಾರ್ಚ್ ಇಟ್ಟಿರುತ್ತಾರೆ. ಅದೇ ಸಾಕು. ಕತ್ತಲು ಕೋಣೆಯಲ್ಲಿ ಕಾರ್ಡಿನ ಮುಂದೆ ಹಿಂದೆ, ಅಂಚಿಗೆ ಹಿಡಿಯಿರಿ, ಕ್ಷಣಕಾಲ ಮಾತ್ರ. ಬೆಳಕನ್ನು ಕಣ್ಣಿಗೆ ಬಿಟ್ಟುಕೊಳ್ಳಬೇಡಿ. 1950ರ ದಶಕದಿಂದೀಚೆಗೆ ಕಾಗದ ಬೆಳ್ಳಗೆ ಕಾಣಲಿ ಅಂತ ಒಂದು ಹೊಳಪಿನ ರಾಸಾಯನಿಕ ಸೇರಿಸುವುದು ಶುರುವಾಯಿತು. ಆ ಕಾಗದ ಈ ಬೆಳಕಿಗೆ ನೀಲಿಯಾಗಿ ಉರಿಯುತ್ತದೆ. 1887ರ ರಟ್ಟು ಉರಿಯಬಾರದು, ಮಂಕಾಗಿ ಇರಬೇಕು. ಉರಿದರೆ ಕಥೆ ಮುಗಿಯಿತು. ಉರಿಯದಿದ್ದರೆ ಮಾತ್ರ ಗೆದ್ದೆ ಅಂದುಕೊಳ್ಳಬೇಡಿ. ಆ ರಾಸಾಯನಿಕ ಇಲ್ಲದ ಹೊಸ ಕಾಗದವೂ ಸಿಗುತ್ತದೆ, ಹಳೇ ಪುಸ್ತಕದ ಖಾಲಿ ಹಾಳೆಯೂ ಸಿಗುತ್ತದೆ. ನನ್ನ ಎರಡನೇ ಕಾರ್ಡಿನ ರಟ್ಟು ಉರಿಯಲೇ ಇಲ್ಲ. ಅಂದಹಾಗೆ, ಬಿಳಿ ಪಂಚೆ, ಬನಿಯನ್ ತೊಟ್ಟು ಈ ಪರೀಕ್ಷೆ ಮಾಡಬೇಡಿ. ಸೋಪಿನ ಪುಡಿಯಲ್ಲೂ ಅದೇ ರಾಸಾಯನಿಕ ಇದೆ. ನಾನು ಮೊದಲ ಸಲ ಹಚ್ಚಿದಾಗ ಕಾರ್ಡಿಗಿಂತ ನನ್ನ ಹೊಟ್ಟೆಯೇ ಜಾಸ್ತಿ ಹೊಳೆಯಿತು, ಹುಡುಗ ಬಿದ್ದು ಬಿದ್ದು ನಕ್ಕ.

ಮಾಡಬಾರದ್ದು ಕೆಲವಿವೆ. ಎಂಜಲು ಹಚ್ಚಿ ಉಜ್ಜುವುದು, ರಬ್ಬರ್ ಹಾಕುವುದು, ನೀರಿಗೆ ಬಿಡುವುದು ಬೇಡ. ಬೆಂಡಾದದ್ದನ್ನು ಇಸ್ತ್ರಿ ಪೆಟ್ಟಿಗೆಯಲ್ಲಿ ನೆಟ್ಟಗೆ ಮಾಡುತ್ತೇನೆ ಅನ್ನುವವರೂ ಇದ್ದಾರೆ. ನಮ್ಮ ಕಡೆಯ ಚಟ ಇನ್ನೊಂದು, ಯಾವ ಹಳೇ ಕಾಗದ ಕಂಡರೂ ಲ್ಯಾಮಿನೇಷನ್. ಲ್ಯಾಮಿನೇಷನ್ ಮಾಡಿಸಿದ ಕಾರ್ಡ್ ಸತ್ತಂತೆ.

ದೊಡ್ಡ ಹೆಸರಿನ ಕಾರ್ಡಾದರೆ ಮನೆಯ ಪರೀಕ್ಷೆ ಸಾಲದು. ಪಿಎಸ್‌ಎ, ಎಸ್‌ಜಿಸಿ ಅನ್ನೋ ಕಂಪನಿಗಳು ಕಾರ್ಡ್ ನೋಡಿ ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುತ್ತವೆ. ಅಂಕ ಕೊಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಅಥೆಂಟಿಕ್ ಅಂತ ಮಾತ್ರ ಬರೆಯುತ್ತಾರೆ, ಅಸಲಿ ಹೌದು ಅನ್ನೋದಕ್ಕೆ ಅದು ಸಾಕು. ಆದರೆ ಡಬ್ಬಿಯನ್ನೂ ನಕಲು ಮಾಡುವವರಿದ್ದಾರೆ. ಡಬ್ಬಿಯ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ, ಅಲ್ಲಿ ಚಿತ್ರ ಇದ್ದರೆ ಕಲೆ ಕಲೆಗೂ ಹೋಲಿಸಿ. ಇಬ್ಬರು ಆಟಗಾರರು ಒಂದೇ ತರ ಇರಬಹುದು, ಎರಡು ಕಾರ್ಡಿನ ಕಲೆ ಒಂದೇ ತರ ಇರುವುದಿಲ್ಲ.

ಅಭ್ಯಾಸ ಮಾಡೋಕೆ ಬೇಸ್‌ಬಾಲ್ ಕಾರ್ಡೇ ಬೇಕಿಲ್ಲ. 1890ರ ಆಸುಪಾಸಿನ, ರಟ್ಟಿಗೆ ಅಂಟಿಸಿದ ಯಾವ ಹಳೇ ಫೋಟೋ ಆದರೂ ಆದೀತು. ಅಮೆರಿಕದ ಸಂತೆಗಳಲ್ಲಿ ಹೆಸರು ಗೊತ್ತಿಲ್ಲದವರ ಇಂಥ ಫೋಟೋ ರಾಶಿ ರಾಶಿ ಸಿಗುತ್ತವೆ, ಅಗ್ಗಕ್ಕೆ, ಅಂದ ನನ್ನ ಹುಡುಗ. ಹತ್ತು ಕೊಂಡು ವಾರವೆಲ್ಲ ಭೂತಗನ್ನಡಿಯಲ್ಲಿ ನೋಡಿ. ಆಮೇಲೆ ಕಾರ್ಡಿಗೆ ಬನ್ನಿ.

ಉಳಿದ ಎರಡು ಕಾರ್ಡ್ ಏನಾದವು ಅಂತ ಕೇಳುತ್ತೀರಿ. ಮೂರನೆಯದರಲ್ಲಿ ನಾರು, ಬಿರುಕು, ಪುಡಿ ಅಂಟು ಎಲ್ಲ ಇತ್ತು. ನಾಲ್ಕನೆಯದು ಆ ಮುಖ ಇಲ್ಲದ ಮೀಸೆಯವನು. ಹುಡುಗ ಅದನ್ನು ಎಸೆಯುವಂಥದ್ದು ಅಂದುಕೊಂಡಿದ್ದ, ಲಾಟಿನಲ್ಲಿ ಪುಕ್ಕಟೆ ಸೇರಿಸಿ ಕೊಟ್ಟಿದ್ದರಂತೆ. ಮಡಿಕೆಯ ಹಳ್ಳದಲ್ಲಿ ನೆರಳು ಬಿತ್ತು, ಹಿಂದೆಯೂ ಗುರುತು ಇತ್ತು. ಹೆಸರೂ ಮುಖದಷ್ಟೇ ಮಾಸಿತ್ತು. ಒಂದು ಮೂಲೆ ಪೂರ್ತಿ ಹೋಗಿ, ರಟ್ಟು ಐದು ಎಳೆಯಾಗಿ ಬಿಚ್ಚಿಕೊಂಡಿತ್ತು. ಎರಡನ್ನೂ ಪಿಎಸ್‌ಎಗೆ ಕಳಿಸಿದ. ಮಾರ್ಚಿನಲ್ಲಿ ವಾಟ್ಸಾಪಿನಲ್ಲಿ ಚಿತ್ರ ಬಂತು: ಮೂರನೆಯದಕ್ಕೆ ಒಂದು ಅಂಕ, ಮೀಸೆಯವನಿಗೆ ಅಥೆಂಟಿಕ್.

ನಕಲಿ ಎರಡನ್ನೂ ಇಲ್ಲೇ ಬಿಟ್ಟು ಹೋಗಿದ್ದಾನೆ. ಕೋಟೆಯ ಫೋಟೋ ಇಟ್ಟ ಡ್ರಾಯರಿನಲ್ಲೇ ಅವೂ ಇವೆ, ಭೂತಗನ್ನಡಿಯ ಪಕ್ಕ. ಯಾರಾದರೂ ಕಲಿಯೋಕೆ ಬಂದರೆ ಎರಡನೇ ಕಾರ್ಡನ್ನೇ ಮೊದಲು ಕೈಗೆ ಕೊಡುತ್ತೇನೆ.